ಕುಕ್ಕರಹಳ್ಳಿ ಕೆರೆ ಏರಿಯ ಗೊಣಗಾಟ: ವಿಷಯ ವಿಶ್ಲೇಷಣಾ ವಿಧಾನದಲ್ಲೊಂದು ಕಿರು ಅಧ್ಯಯನ

ಮೈಸೂರಿನ ನಿವೃತ್ತರು ಗೊಣಗುತ್ತಾರೆ ಎಂಬುದು ಲೋಕಸಿದ್ಧ. ಲೋಕಸಿದ್ಧವಾದದ್ದನ್ನು ಕೋಷ್ಟಕಕ್ಕೆ ಇಳಿಸಿ ಇನ್ನೊಮ್ಮೆ ಸಿದ್ಧಪಡಿಸುವುದಕ್ಕೆ ಸಂಶೋಧನೆ ಎಂದು ಹೆಸರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪ್ರತಿದಿನ ಬೆಳಿಗ್ಗೆ ಉತ್ಪತ್ತಿಯಾಗುವ ಗೊಣಗಾಟವೆಲ್ಲ ಲೆಕ್ಕಕ್ಕೆ ಸಿಗದೆ ಗಾಳಿಪಾಲಾಗುತ್ತಿದೆ. ವಿಪರ್ಯಾಸವೆಂದರೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಈ ಕೆರೆಯ ಮಗ್ಗುಲಲ್ಲೇ ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿ ಇದೆ. ಅದರೊಳಗೆ ಮನೋವಿಜ್ಞಾನ ವಿಭಾಗವಿದೆ. ದತ್ತಾಂಶ ತಾನಾಗಿಯೇ ನಡೆದುಕೊಂಡು ಬಂದು, ಬೆಂಚಿನ ಮೇಲೆ ಕೂತು, ಸುಧಾರಿಸಿಕೊಂಡು, ಮನೆಗೆ ಹೋಗುತ್ತದೆ.

ಊರಿಗೆ ಪರಂಪರೆಯ ಕೊರತೆಯೂ ಇಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುಮಾಡಿದರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ನಾಡಿಗೆ ‘ಆಕಾಶವಾಣಿ’ಯನ್ನು ಕೊಟ್ಟರು. ಮನಸ್ಸನ್ನು ಅಳೆಯಬಲ್ಲವರೇ ಮಾತನ್ನು ಬಿತ್ತಲು ಹೊರಟ ಈ ಊರಿನಲ್ಲಿ ಬಿತ್ತಿದ್ದೇನು, ಬೆಳೆದದ್ದೇನು ಎಂದು ಎಣಿಸುವವರು ಬೇಕಲ್ಲವೆ?

ಎಣಿಸುವ ವಿದ್ಯೆಯನ್ನು ಅಮೆರಿಕದವರು ಬೆಳೆಸಿದರು. ಮೊದಲ ಮಹಾಯುದ್ಧದ ಪ್ರಚಾರತಂತ್ರವನ್ನು ಬಿಡಿಸಿಟ್ಟ ಹೆರಾಲ್ಡ್ ಲ್ಯಾಸ್‌ವೆಲ್ ಅವರ ಪುಸ್ತಕ 1927ರದು. 1952ರಲ್ಲಿ ಬರ್ನಾರ್ಡ್ ಬೆರೆಲ್ಸನ್ ಇದಕ್ಕೊಂದು ಲಕ್ಷಣ ಹೇಳಿದರು: ಸಂವಹನದ ಮೇಲ್ನೋಟದ ಅರ್ಥವನ್ನು ವಸ್ತುನಿಷ್ಠವಾಗಿ, ಕ್ರಮಬದ್ಧವಾಗಿ, ಸಂಖ್ಯೆಗಳಲ್ಲಿ ವಿವರಿಸುವುದೇ ವಿಷಯ ವಿಶ್ಲೇಷಣೆ. ಎಣಿಸುತ್ತ ಕೂತರೆ ಅರ್ಥ ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ ಎಂದು ಸೀಗ್‌ಫ್ರೀಡ್ ಕ್ರಾಕೌವರ್ ಆಗಲೇ ತಕರಾರು ತೆಗೆದರು. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾದರೆ ಪಿಎಚ್‌ಡಿ ವಿದ್ಯಾರ್ಥಿಗಳ ಮೊದಲ ಅಧ್ಯಾಯಕ್ಕೆ ಸಂಚಕಾರ.

ಗೊಣಗಾಟವನ್ನು ಗಂಭೀರವಾಗಿ ಓದಿದ್ದಕ್ಕೆ ಪೂರ್ವನಿದರ್ಶನ ಉಂಟು. ಜೆನ್ನಿ ಎಂಬ ಗುಪ್ತನಾಮದ ತಾಯಿಯೊಬ್ಬಳು 1926ರಿಂದ 1937ರವರೆಗೆ ಮಗನ ಸ್ನೇಹಿತ ದಂಪತಿಗೆ 301 ಪತ್ರ ಬರೆದಳು. ಮಗನ ಮೇಲಿನ ದೂರೂ ಅವುಗಳಲ್ಲಿ ಉಂಟು. ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ ಅವುಗಳನ್ನು ಓದಲು 36 ಜನರನ್ನು ಕೂರಿಸಿದರು. ಅವಳ ಸ್ವಭಾವಕ್ಕೆ ಅವರು ಕೊಟ್ಟ ವಿಶೇಷಣಗಳು 198! ಒಬ್ಬ ಮುದುಕಿಯ ವಿಷಯದಲ್ಲಿ ಇಷ್ಟೊಂದು ಮಾತಾಡಲು ನಮ್ಮಲ್ಲಾದರೆ ಸೊಸೆಯೊಬ್ಬಳೇ ಸಾಕು. ಆಲ್ಪೋರ್ಟ್ ಅದನ್ನೆಲ್ಲ ಎಂಟು ಗುಂಪಿಗೆ ಇಳಿಸಿದರು. ಆಮೇಲೆ ಜೆಫ್ರಿ ಪೇಜ್ ಅದೇ ಪತ್ರಗಳನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಅದೇ.

ಇನ್ನು ಪ್ರಸ್ತುತ ದತ್ತಾಂಶ. ವಾಯುವಿಹಾರಿಗಳ ನಿಜವಾದ ಮಾತನ್ನು ಒಪ್ಪಿಗೆಯಿಲ್ಲದೆ ಬರೆದುಕೊಳ್ಳುವುದು ಸಂಶೋಧನಾ ನೀತಿಗೆ ವಿರುದ್ಧ. ಒಪ್ಪಿಗೆ ಪತ್ರ ಮುಂದೆ ಹಿಡಿದರೆ ಅವರು ಸಹಿ ಹಾಕುವ ಮುನ್ನ ವಕೀಲ ಅಳಿಯನನ್ನು ಕೇಳಬೇಕೆನ್ನುತ್ತಾರೆ. ಆದ್ದರಿಂದ ಈ ಸಂಭಾಷಣೆ ಕಲ್ಪಿತ.

‘ಏನ್ ಮೇಷ್ಟ್ರೇ, ನಿನ್ನೆ ಕಾಣಲಿಲ್ಲ?’

‘ಎಲ್ಲಿ ಬರೋದು ಸ್ವಾಮಿ, ಮಗನ ಫೋನು. ನ್ಯೂಜೆರ್ಸಿನಲ್ಲಿ ಕೂತ್ಕೊಂಡು ಬೆಳಗಿನ ಜಾವ ಐದೂವರೆಗೆ ಮಾಡ್ತಾನೆ. ಇಟ್ಬಿಡೋ ಅಂದ್ರೆ ಇಡಲ್ಲ.’

‘ನಮ್ಮ ಮಗಳೇ ವಾಸಿ, ಮಾಡೋದೇ ಇಲ್ಲ.’

‘... ಬೋಗಾದಿ ಸೈಟ್‌ದು ಇನ್ನೊಂದು ಪೀಡೆ. ಕೊಡಿ ಕೊಡಿ ಅಂತ ಬ್ರೋಕರು ದಿನಾ ಬಾಗಿಲಿಗೆ ಬರ್ತಾನೆ. ನೆಮ್ಮದಿನೇ ಇಲ್ಲ.’

‘ಸಕ್ಕರೆ ಎಷ್ಟಿದೆ?’

‘ಅದೊಂದು ಇಳಿದಿದೆ ನೋಡಿ. ಮೈಲಾರಿ ದೋಸೆಗೆ ಹೋಗಿಬರೋಣ್ವಾ?’

ಇಂಥ ಮಾತನ್ನು ವಿಶ್ಲೇಷಿಸಲು ಶೇ ಮತ್ತು ಶ್ಯಾನನ್ 2005ರಲ್ಲಿ ಮೂರು ದಾರಿ ತೋರಿಸಿದ್ದಾರೆ. ಪಠ್ಯದಿಂದಲೇ ವರ್ಗಗಳನ್ನು ಹುಟ್ಟಿಸಿಕೊಳ್ಳುವುದು ಒಂದು. ಇರುವ ಸಿದ್ಧಾಂತದಿಂದ ವರ್ಗಗಳನ್ನು ಎರವಲು ತರುವುದು ಎರಡು. ಪದಗಳನ್ನು ಎಣಿಸಿ, ಅಲ್ಲಿಂದ ಅರ್ಥಕ್ಕೆ ಇಳಿಯುವುದು ಮೂರು. ಮೊದಲ ದಾರಿ ಹಿಡಿದು ಸಾಲುಸಾಲಿಗೂ ವರ್ಗದ ಗುರುತು ಹಾಕುವ ಇಬ್ಬರು ಕೋಡಿಗರಿಗೆ ಈ ಸಾಲುಗಳನ್ನು ಕೊಟ್ಟರೆಂದು ಇಟ್ಟುಕೊಳ್ಳೋಣ. ಮೊದಲನೆಯಾತ ಕೃಷ್ಣರಾಜ ಮೊಹಲ್ಲಾದವನು. ಮೇಷ್ಟ್ರ ನ್ಯೂಜೆರ್ಸಿಗೂ ಸೈಟಿಗೂ ‘ದೂರು’ ಎಂದು ಬರೆದ, ಬೆರೆಲ್ಸನ್ ಮೆಚ್ಚುತ್ತಿದ್ದರು. ಎರಡನೆಯಾಕೆ ಕುವೆಂಪುನಗರದವಳು. ಆಕೆ ಎರಡಕ್ಕೂ ‘ಜಂಬ’ ಎಂದು ಬರೆದಳು. ಮೈಸೂರಿನಲ್ಲಿ ಜಂಬ ಕೊಚ್ಚಿಕೊಳ್ಳುವುದು ಅಸಭ್ಯ, ಗೊಣಗುವುದು ಸಭ್ಯ. ಆದ್ದರಿಂದ ಮಗನ ಸಂಬಳ, ಸೈಟಿನ ಬೆಲೆ ಎಲ್ಲವೂ ಉಪದ್ರವದ ವೇಷದಲ್ಲೇ ಹೊರಗೆ ಬರಬೇಕು ಎಂಬುದು ಆಕೆಯ ವಾದ. ಪ್ರಬಂಧಕಾರರ ಒಲವು ಆಕೆಯ ಕಡೆಗೇ ಇದೆ.

ಆದರೆ ‘ಮಾಡೋದೇ ಇಲ್ಲ’ ಎಂಬ ಸಾಲಿಗೆ ಇಬ್ಬರೂ ‘ಹಾಸ್ಯ’ ಎಂದು ಬರೆದರು. ಪೂರ್ಣ ಒಮ್ಮತ. ಇಡೀ ಸಂಭಾಷಣೆಯಲ್ಲಿ ದೂರು ಎನ್ನಬಹುದಾದದ್ದು ಅದೊಂದೇ. ಅದಕ್ಕೇ ಅದು ನಗುತ್ತ ಬಂತು. ಮೇಷ್ಟ್ರಿಗೆ ಅದು ತಿಳಿಯಿತು. ಅದಕ್ಕೇ ಅವರು ಇಲ್ಲದ ಪೀಡೆಯೊಂದನ್ನು ಬೋಗಾದಿಯಿಂದ ಎಳೆದುತಂದು ನಡುವೆ ಇಟ್ಟರು. ಅಲ್ಲಿನ ಮೂರು ಚುಕ್ಕಿಗಳನ್ನು ಯಾವ ಘಟಕಕ್ಕೆ ಸೇರಿಸಬೇಕೆಂದು ಕೋಡ್‌ಬುಕ್ ಹೇಳುವುದಿಲ್ಲ. ಬೆರಳಚ್ಚುಗಾರ ಅವನ್ನು ಅಳಿಸಿಯೂ ಹಾಕಬಹುದು.

ಒಮ್ಮತದ ಮಾತು ಬಂದಮೇಲೆ ಅದನ್ನು ಅಳೆಯುವ ಕಪ್ಪಾ ಎಂಬ ಮಾಪನದ ಪ್ರಸ್ತಾಪ ಆಗಲೇಬೇಕು. ಹತ್ತರಲ್ಲಿ ಎಂಟಕ್ಕೆ ಒಪ್ಪಿದರು ಎಂದು ಬೀಗಬೇಡಿ, ಅದರಲ್ಲಿ ಅದೃಷ್ಟದ ಪಾಲೆಷ್ಟೆಂದು ಕಳೆದು ನೋಡಿ ಎಂದವರು ಜೇಕಬ್ ಕೋಹೆನ್, 1960ರಲ್ಲಿ. ಕೆರೆ ಏರಿಗೆ ಅದನ್ನು ಅನ್ವಯಿಸೋಣ. ಇನ್ನೊಂದು ಬೆಳಗಿನ ಹತ್ತು ಸಾಲುಗಳಲ್ಲಿ ಇಬ್ಬರು ಕೋಡಿಗರೂ ಒಂಬತ್ತನ್ನು ‘ದೂರು’, ಒಂದನ್ನು ‘ದೂರಲ್ಲ’ ಎಂದರೆಂದು ಇಟ್ಟುಕೊಳ್ಳೋಣ. ಆದರೆ ದೂರಲ್ಲದ ಆ ಒಂದು ಸಾಲು ಇವನಿಗೆ ಒಂದು, ಅವಳಿಗೆ ಇನ್ನೊಂದು. ಉಳಿದ ಎಂಟರಲ್ಲಿ ಒಪ್ಪಿಗೆ: 0.80. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಆಗುತ್ತಿದ್ದ ಒಪ್ಪಿಗೆ: 0.9 × 0.9 ಮತ್ತು 0.1 × 0.1 ಕೂಡಿಸಿದರೆ 0.82. ಎರಡರ ವ್ಯತ್ಯಾಸವನ್ನು, ಒಂದರಲ್ಲಿ ಅದೃಷ್ಟದ ಪಾಲು ಕಳೆದು ಉಳಿದದ್ದರಿಂದ ಭಾಗಿಸಿದರೆ ಕಪ್ಪಾ ಮೈನಸ್ 0.11! ಶೇಕಡ ಎಂಬತ್ತು ಒಪ್ಪಿದವರು ಕಣ್ಣು ಮುಚ್ಚಿದವರಿಗಿಂತಲೂ ಹಿಂದೆ ಬಿದ್ದರು. ಎಲ್ಲದರಲ್ಲೂ ದೂರನ್ನೇ ಕಾಣುವವರು ಪರಸ್ಪರ ಒಪ್ಪುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಲ್ಯಾಂಡಿಸ್ ಮತ್ತು ಕೋಕ್ 1977ರಲ್ಲಿ ಮಾಡಿಟ್ಟ ಪಟ್ಟಿಯಲ್ಲಿ ಸೊನ್ನೆಗಿಂತ ಕೆಳಗಿನದಕ್ಕೆ ‘ಕಳಪೆ’ ಎಂದಿದೆ. ಮಾರ್ಗದರ್ಶಕರು ಇದನ್ನೇ ಕನ್ನಡದಲ್ಲಿ ಇನ್ನೂ ವಿವರವಾಗಿ ಹೇಳುತ್ತಾರೆ.

ಹೊಸದೇನೂ ಸಿಗದಾದಾಗ ದತ್ತಾಂಶ ಸಂಗ್ರಹ ನಿಲ್ಲಿಸಬಹುದೆಂಬುದು ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಕೊಟ್ಟ ಸಮಾಧಾನ. ಅದಕ್ಕೆ ಅವರು ‘ಸಂತೃಪ್ತಿ’ ಎನ್ನುವಂಥ ಹೆಸರಿಟ್ಟಿದ್ದಾರೆ. ಏರಿಯ ಮೇಲೆ ಈ ಸ್ಥಿತಿ ಮೊದಲ ಸುತ್ತು ಮುಗಿಯುವುದರೊಳಗೇ ಬರುತ್ತದೆ, ಸಂಶೋಧಕನಿಗೆ ಮಾತ್ರ.

ಕೊನೆಯ ಹಂತ, ಫಲಿತಾಂಶವನ್ನು ಮಾತಾಡಿದವರಿಗೇ ತೋರಿಸಿ ಸರಿಯೇ ಎಂದು ಕೇಳುವುದು. ಲಿಂಕನ್ ಮತ್ತು ಗೂಬಾ 1985ರಲ್ಲಿ ಇದನ್ನು ಬಹಳ ಒತ್ತಿ ಹೇಳಿದರು. ಅವರಿಗೆ ಮೈಸೂರಿನ ಮೇಷ್ಟ್ರ ಪರಿಚಯ ಇದ್ದಂತಿಲ್ಲ. ಮೇಷ್ಟ್ರು ವರದಿಯನ್ನು ಕೈಗೆ ತೆಗೆದುಕೊಂಡು ಮೊದಲು ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತಾರೆ. ಆಮೇಲೆ ಕನ್ನಡಕ ಒರೆಸಿಕೊಂಡು, ‘ನಾವೆಲ್ರೀ ಗೊಣಗಿದ್ವಿ? ಇದ್ದದ್ದು ಇದ್ದಹಾಗೆ ಹೇಳಿದ್ವಿ. ಈಗಿನ ಹುಡುಗರಿಗೆ ಮಾತು ಕೇಳಿಸ್ಕೊಳ್ಳೋಕೂ ಬರಲ್ಲ, ನಮ್ಮ ಕಾಲದಲ್ಲಿ...’ ಎಂದು ಆರಂಭಿಸುತ್ತಾರೆ. ಈ ಹೇಳಿಕೆಯನ್ನು ಮೊದಲ ಕೋಡಿಗ ‘ದೂರು’ ಎಂದೂ ಎರಡನೆಯಾಕೆ ‘ಜಂಬ’ ಎಂದೂ ಗುರುತಿಸಿರುವುದರಿಂದ, ಮೂರನೆಯ ಕೋಡಿಗರ ಸಂಭಾವನೆಗಾಗಿ ಅರ್ಜಿ ಸಲ್ಲಿಸಲಾಗಿದೆ.