ಮುಕ್ಕಾಲು ಗಂಟೆಯ ಮಂಗಳೂರು

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಜಯನಗರದಲ್ಲಿ ನೆಲೆಸಿದ ಯಾವ ಕರಾವಳಿಯವರನ್ನು ಕೇಳಿದರೂ ಉತ್ತರ ರೆಡಿ: ‘ಒಂದು ಗಂಟೆ, ಅಷ್ಟೆ.’ ಟಿಕೆಟ್ಟೂ ಹಾಗೇ ಹೇಳುತ್ತದೆ. ಆಕಾಶದಲ್ಲಿ ಅಳೆದರೆ ದೂರ ಸುಮಾರು 300 ಕಿಲೋಮೀಟರ್. ಜೆಟ್ ವಿಮಾನ ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಮುಕ್ಕಾಲು ಗಂಟೆಯ ಆಸುಪಾಸು; ಮಿಕ್ಕಿದ್ದು ರನ್‌ವೇವರೆಗೆ ತೆವಳುವುದಕ್ಕೆ, ಸರದಿ ಕಾಯುವುದಕ್ಕೆ. ಕಂಪನಿಯ ಲೆಕ್ಕದಲ್ಲಿ ಪ್ರಯಾಣ ಶುರುವಾಗುವುದು ವಿಮಾನ ಗೇಟು ಬಿಟ್ಟಾಗ, ಮುಗಿಯುವುದು ಇನ್ನೊಂದು ಗೇಟಿನಲ್ಲಿ ನಿಂತಾಗ.

ಪ್ರಯಾಣಿಕನ ಗೇಟು ಇರುವುದು ಜಯನಗರದಲ್ಲಿ.

ಹತ್ತು ಗಂಟೆಯ ವಿಮಾನಕ್ಕೆ ಆತ ಆರೂವರೆಗೇ ಟ್ಯಾಕ್ಸಿ ಹತ್ತುತ್ತಾನೆ. ಎಚ್‌ಎಎಲ್ ನಿಲ್ದಾಣದ ನಿಗದಿತ ಪ್ರಯಾಣಿಕ ವಿಮಾನಗಳೆಲ್ಲ 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು. ವಿಮಾನದ ವೇಗವೇನೂ ಕಮ್ಮಿಯಾಗಲಿಲ್ಲ, ಮಂಗಳೂರು ಮಾತ್ರ ದೂರವಾಯಿತು. ಏಳೂವರೆಗೆ ಊರಿಂದ ಅಮ್ಮನ ಫೋನು.

‘ಎಲ್ಲಿಗೆ ಮುಟ್ಟಿದಿ ಮಗಾ?’

‘ಹೆಬ್ಬಾಳ.’

‘ನಿನ್ನೆ ರಾತ್ರಿ ಬಸ್ಸು ಹತ್ತಿದ್ರೆ ಈಗ ನೀರುದೋಸೆ ತಿಂದು ಆಗ್ತಿತ್ತು.’

ಅಮ್ಮನ ಮಾತಿಗೆ ಎದುರಾಡುವುದು ಕಷ್ಟ. ರಸ್ತೆಯಲ್ಲಿ 350 ಕಿಲೋಮೀಟರ್ ಇದ್ದರೂ ರಾತ್ರಿ ಬಸ್ಸಿನವನು ಅಷ್ಟನ್ನೂ ನಿದ್ದೆಯಲ್ಲೇ ಕಳೆಯುತ್ತಾನೆ. ವಿಮಾನದವನಿಗೆ ಆ ಸುಖವಿಲ್ಲ. ಬೆಲ್ಟ್ ಬಿಚ್ಚಿ ಟ್ರೇಯಲ್ಲಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬ್ಯಾಗಿನ ತಳದ ಪವರ್ ಬ್ಯಾಂಕ್ ಹುಡುಕುವಾಗ ಯಾರಿಗೆ ನಿದ್ದೆ ಬಂದೀತು? ಅದೆಲ್ಲ ಮುಗಿದು ಸೀಟು ಸಿಕ್ಕಿ, ಕಣ್ಣು ಕೂರುವ ಹೊತ್ತಿಗೆ ‘ಕುರ್ಚಿ ನೆಟ್ಟಗೆ ಮಾಡಿ’ ಎಂದು ಗಗನಸಖಿ ಎಬ್ಬಿಸುತ್ತಾಳೆ. ಕೆಳಗೆ ಆಗಲೇ ನೇತ್ರಾವತಿ.

ದುಬೈಗೆ ಹೋಗುವವನು ನೆಲದ ಮೇಲೆ ಮೂರು ತಾಸು ಕಳೆದರೂ ಗೊಣಗುವುದಿಲ್ಲ. ಹಾರಾಟ ಗಿಡ್ಡವಾದಷ್ಟೂ ಕಾಯುವುದು ಉದ್ದ ಕಾಣುತ್ತದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನವಿದೆ: ದೂರ 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಕೂಡಿಬಂದಾಗಿನ ದಾಖಲೆ 53 ಸೆಕೆಂಡು. ಅಲ್ಲಿ ಸೀಟ್‌ಬೆಲ್ಟ್ ಹಾಕಿಕೊಳ್ಳುವುದೇ ಪ್ರಯಾಣದ ದೊಡ್ಡ ಭಾಗವಿರಬೇಕು!

ರೈಲಿನವರು ಮಾತ್ರ ಈ ಜಗಳಕ್ಕೇ ಬರುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ, ರೈಲು ಗಂಟೆಗೆ 30 ಕಿಲೋಮೀಟರ್ ದಾಟುವುದಿಲ್ಲ. 2021ರಲ್ಲಿ ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ಜನ ಆ ನಿಧಾನಕ್ಕೇ ಹೆಚ್ಚು ದುಡ್ಡು ಕೊಡುತ್ತಿದ್ದಾರೆ.

ಮಳೆಗಾಲ ಹಿಡಿಯಿತೆಂದರೆ ವಾದವೆಲ್ಲ ತಿರುವುಮುರುವು. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್ಸುಗಳು ಬೇರೆ ಘಾಟಿ ಹುಡುಕಬೇಕು. ವಿಮಾನದವನು ಆಗ ಮೀಸೆ ತಿರುವುತ್ತಾನೆ. ಆದರೆ ಮಂಗಳೂರಿನ ವಿಮಾನ ಇಳಿಯುವ ಬಜ್ಪೆಯ ರನ್‌ವೇ ಇರುವುದೂ ಗುಡ್ಡದ ನೆತ್ತಿಯ ಮೇಲೆಯೇ. ಮೋಡ ಕವಿದು ಅದು ಕಣ್ಣಿಗೆ ಬೀಳದಿದ್ದರೆ ವಿಮಾನ ಮೇಲೆ ಸುತ್ತು ಹೊಡೆದು, ಕೆಲವೊಮ್ಮೆ ಬೆಂಗಳೂರಿಗೇ ಮರಳುವುದುಂಟು. ಊರಿನ ನೆತ್ತಿಯವರೆಗೆ ಹೋಗಿದ್ದವನು ದೇವನಹಳ್ಳಿಯಲ್ಲಿ ಇಳಿದು, ಮೆಜೆಸ್ಟಿಕ್ಕಿನ ವಾಯುವಜ್ರ ಬಸ್ಸು ಹತ್ತಿ, ಚಾರ್ಮಾಡಿ ಮೇಲಿನ ರಾತ್ರಿ ಬಸ್ಸಿಗೆ ಕಿಟಕಿ ಸೀಟು ಉಳಿದಿದೆಯೇ ಎಂದು ಮೊಬೈಲು ತಡಕಾಡುತ್ತಾನೆ. ಅಮ್ಮನ ಫೋನು ಬಂದರೆ ಎತ್ತುವುದಿಲ್ಲ.