ಬ್ರಿಟನ್ನಿನ ವಿದೇಶಾಂಗ ಮಂತ್ರಿಗಳಿಗೆ ಸಾಗರದಿಂದ ಒಂದು ಶಿಫಾರಸು

ಮಾನ್ಯ ಮಂತ್ರಿಗಳೇ,

ಕೆಂಟ್‌ನಲ್ಲಿ ಚೀವ್ನಿಂಗ್ ಎಂಬ ಬಂಗಲೆ ಇದೆ, ಸಾಮಾನ್ಯವಾಗಿ ಅದು ವಿದೇಶಾಂಗ ಮಂತ್ರಿಗಳ ಪಾಲಿಗೇ ಬರುತ್ತದೆ, 115 ಕೋಣೆಗಳಂತೆ. ಅದೇ ಹೆಸರು ಹೊತ್ತ ನಿಮ್ಮ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಜಿ ತುಂಬುತ್ತಿದ್ದಾಳೆ. ಶಿಫಾರಸು ಬರೆಯುವ ಭಾಗ್ಯ ನಿವೃತ್ತ ಇಂಗ್ಲಿಷ್ ಲೆಕ್ಚರರ್ ಆದ ನನ್ನದು.

ಮೊದಲ ತೊಡಕು, ನಾಯಕತ್ವ. ಅದಕ್ಕೊಂದು ಪ್ರಬಂಧವೇ ಬೇಕಂತೆ. ಈ ಹುಡುಗಿ ಮೂರು ಮಳೆಗಾಲ ತೋಟ ತೋಟ ಅಲೆದು, ಅಡಿಕೆಯ ಕೊಳೆರೋಗಕ್ಕೆ ಯಾವಾಗ ಔಷಧಿ ಹೊಡೆಯಬೇಕೆಂದು ರೈತರಿಗೆ ಹೇಳಿದವಳು. "ನಾಯಕಿ ಅಂತ ಬರೀಲಾ?" ಅಂದೆ. "ಅಯ್ಯೋ ಬೇಡ ಸಾರ್, ಮರ ಹತ್ತೋ ಕೊನೆಗಾರರು ನಗ್ತಾರೆ" ಅಂದಳು. ನಮ್ಮಲ್ಲಿ ನಾಯಕ ಅಂದರೆ ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವನು. ಆ ಲೆಕ್ಕದಲ್ಲಿ ಬೇಕಿದ್ದರೆ ತಾಲ್ಲೂಕಿಗೆ ಇನ್ನೂರು ಜನರನ್ನು ಕಳಿಸಿಕೊಡುತ್ತೇನೆ, ಫ್ಲೆಕ್ಸ್ ಸಮೇತ.

ಎರಡನೆಯದು ನೆಟ್‌ವರ್ಕಿಂಗ್. ಅವಳ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಭೂತಪ್ಪನ ಕಟ್ಟೆಯ ಹತ್ತಿರ ಮಾತ್ರ. ಅರ್ಜಿಯ ಅರ್ಧವನ್ನು ಅವಳು ಅಲ್ಲೇ ಕೊಡೆ ಹಿಡಿದು ತುಂಬಿದ್ದಾಳೆ. ಇದು ಪ್ರಬಂಧಕ್ಕೆ ಸಾಕೆ?

ಕೆಲಸದ ಅನುಭವ 2,800 ಗಂಟೆ ಬೇಕು. ಸರಿ, ಇದೆ.

ಷರತ್ತುಗಳನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ವಯಸ್ಸಿನ ಮಿತಿ ಇಲ್ಲ, ಸಂತೋಷ. ಅಪ್ಪನ ಆದಾಯದ ಮಿತಿಯೂ ಇಲ್ಲ. ತಹಶೀಲ್ದಾರರ ಸಹಿಯಿಲ್ಲದ ಸ್ಕಾಲರ್‌ಶಿಪ್ಪೇ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು: 1983ರಲ್ಲಿ ಇದನ್ನು ಶುರುಮಾಡಿದ್ದು ನಿಮ್ಮ ವಿದೇಶಾಂಗ ಇಲಾಖೆ. ನೀವು ಹುಡುಕುತ್ತಿರುವುದು ಬಡವರನ್ನಲ್ಲ, ನಾಳೆ ಬಡವರನ್ನು ಆಳುವವರನ್ನು. ಅವರಿಗೆ ಇಂದೇ ಒಂದು ವರ್ಷ ಚಹಾ ಕುಡಿಸಿಟ್ಟರೆ ಮುಂದೆ ಒಪ್ಪಂದಕ್ಕೆ ಕೂತಾಗ ಋಣ ನೆನಪಾಗುತ್ತದೆ. ಕೊಲಂಬಿಯಾದ ಅಲ್ವಾರೊ ಉರಿಬೆ ಹೀಗೇ ಆಕ್ಸ್‌ಫರ್ಡಿಗೆ ಹೋಗಿ ಬಂದು 2002ರಲ್ಲಿ ಅಧ್ಯಕ್ಷರಾದರು. ತಪ್ಪೇನಿಲ್ಲ, ನಮ್ಮಲ್ಲೂ ಮದುವೆಗೆ ಮುಯ್ಯಿ ಬರೆದಿಡುತ್ತಾರೆ. ಆದರೆ ನಮ್ಮವಳು ಬಹುಶಃ ಮಂತ್ರಿಯಾಗುವುದಿಲ್ಲ. ಮಣ್ಣಿನ ವಿಷಯ ಓದಿ ಬಂದು ಮತ್ತೆ ಅದೇ ತೋಟಗಳಿಗೆ ಹೋಗುತ್ತಾಳೆ. ಈ ನಷ್ಟವನ್ನು ನಿಮಗೆ ಮೊದಲೇ ತಿಳಿಸುವುದು ನನ್ನ ಧರ್ಮ.

ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ನಿಯಮವನ್ನು ಅವಳ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮಗಳನ್ನು ಮನೆಗೆ ಕಳಿಸಲೆಂದೇ ಕಾನೂನು ಮಾಡಿದ ಸರ್ಕಾರವೊಂದಿದೆ ಎಂದು ಆಕೆಗೆ ಬಹಳ ಖುಷಿ. ಹತ್ತು ವರ್ಷ ಮಾಡಲಾಗದೇ ಎಂದು ಕೇಳಿದರು. ಅದಕ್ಕೂ ಪೂರ್ವನಿದರ್ಶನವಿದೆ. 1913ರಲ್ಲಿ ಬರೋಡದ ಮಹಾರಾಜರು ಅಂಬೇಡ್ಕರರನ್ನು ಅಮೆರಿಕಕ್ಕೆ ಓದಲು ಕಳಿಸಿದಾಗ, ಮರಳಿ ಬಂದು ಹತ್ತು ವರ್ಷ ಸೇವೆ ಸಲ್ಲಿಸಬೇಕೆಂದು ಕರಾರಿತ್ತು. ಅವರು 1917ರಲ್ಲಿ ಮಾತಿನಂತೆ ಬಂದರು. ಜಾತಿಯ ಕಾರಣಕ್ಕೆ ಬರೋಡದಲ್ಲಿ ನೆಲೆಯಾಗಿ ಇರಲು ಒಂದು ಕೋಣೆ ಸಿಗಲಿಲ್ಲ.

ಅಂದಹಾಗೆ, ನಮ್ಮ ಹುಡುಗಿಯ ಅಮ್ಮ ಮಗಳಿಗೆಂದು ಉಪ್ಪರಿಗೆಯ ಕೋಣೆಯಿಂದ ಅಡಿಕೆ ಮೂಟೆಗಳನ್ನು ಈಗಲೇ ಕೆಳಗಿಳಿಸಿದ್ದಾರೆ. ಅರ್ಜಿಯಿನ್ನೂ ಗುಡ್ಡ ಇಳಿದಿಲ್ಲ.

ಇಂತಿ,
ನಿವೃತ್ತ ಇಂಗ್ಲಿಷ್ ಲೆಕ್ಚರರ್, ಸಾಗರ