ಮಡಿವಂತ ಬ್ಯಾಟರಿ

ಗಂಗಾವತಿಯ ಯಾವುದಾದರೂ ಬ್ಯಾಟರಿ ಅಂಗಡಿಯಲ್ಲಿ ‘ಬೋಟಿಗೊಂದು ಬ್ಯಾಟರಿ ಕೊಡ್ರೀ’ ಅಂದು ನೋಡಿ, ಮೊದಲು ನಿಮ್ಮ ಮುಖ ನೋಡುತ್ತಾರೆ. ನೀವು ಕುಷ್ಟಗಿ, ಯಲಬುರ್ಗಾ ಕಡೆಯವರಾದರಂತೂ ಮುಗಿಯಿತು: ‘ನಿಮ್ಮೂರಾಗ ಬೋಟು ಎಲ್ಲಿ ಬಿಡ್ತೀರಿ, ಹೊಲದಾಗೇನು?’

ಆನೆಗೊಂದಿಯ ಹರಿಗೋಲಿಗೆ ಈ ರಗಳೆ ಇಲ್ಲ. ಒಂದು ಹುಟ್ಟು, ಎರಡು ತೋಳು. ಚಾರ್ಜಿಗೆ ಒಂದು ಪ್ಲೇಟು ಒಗ್ಗರಣಿ-ಮಿರ್ಚಿ. ಬೋಟಿಗೆ ಸೆಲ್ಫ್ ಹೊಡೆಯುವ ಮೋಟರ್ ಬಂತೋ, ಸಲಹೆಗಾರರೂ ಬಂದರು. ‘ಮನಿ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಹಾಕ್ರೀ, ದೊಡ್ಡದೈತಿ!’

ದೊಡ್ಡದೇ. ಆದರೆ ಅದರ ದಪ್ಪ ಪ್ಲೇಟುಗಳು ಮದುವೆ ಮನೆಯ ಹಿರಿಯರಿದ್ದಂತೆ: ರಾತ್ರಿಯಿಡೀ ಕೂತಾರು, ಓಡು ಅಂದರೆ ಏಳಲಾರರು. ಸ್ಟಾರ್ಟರಿಗೆ ಬೇಕಾದದ್ದು ಎರಡು-ಮೂರು ಸೆಕೆಂಡಿನ ಭಾರಿ ಕರೆಂಟು. ಅದಕ್ಕೆ ತೆಳು ಪ್ಲೇಟುಗಳು ಒತ್ತೊತ್ತಾಗಿರುವ 12 ವೋಲ್ಟಿನ ಸ್ಟಾರ್ಟಿಂಗ್ ಬ್ಯಾಟರಿಯೇ ಸರಿ. ಹಾಗಂತ ಅದರಿಂದಲೇ ಸಂಜೆತನಕ ಹಾಡು ಹಚ್ಚಿ ಪೂರ್ತಿ ಹಿಂಡಿದರೆ, ಅದೂ ಬೇಗ ಕೈಕೊಡುತ್ತದೆ.

ಡಬ್ಬದ ಮೇಲೆ ಸಿಸಿಎ ಅಂತೊಂದು ಅಂಕಿ ಇರುತ್ತದೆ. ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಟ್ಟೀತು ಎಂಬ ಲೆಕ್ಕ. ಮೇ ತಿಂಗಳ ಕೊಪ್ಪಳದಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ, ಇದನ್ನು ಓದಬೇಕು! ಎಂಜಿನ್ ಕಂಪನಿ ಹೇಳಿದಷ್ಟು ಅಂಕಿ ಇದ್ದರೆ ಸಾಕು. ಇಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚಳಿಯಲ್ಲ, ಬಿಸಿಲು. ಒಳಗಿನ ನೀರು ಆರುತ್ತದೆ, ಪ್ಲೇಟು ಸವೆಯುತ್ತದೆ. ಮುಚ್ಚಳ ತೆಗೆಯುವಂಥದ್ದಾದರೆ ಆಗಾಗ ನೀರಿನ ಮಟ್ಟ ನೋಡಬೇಕು. ಸುತ್ತ ತುಂಗಭದ್ರೆ ತುಂಬಿ ಹರಿಯುತ್ತಿದ್ದರೂ ಒಂದು ಹನಿ ಮುಟ್ಟುವಂತಿಲ್ಲ. ಈ ಮಡಿವಂತನಿಗೆ ಅಂಗಡಿಯ ಡಿಸ್ಟಿಲ್ಡ್ ವಾಟರೇ ಆಗಬೇಕು.